ಬುತ್ತಿಯಿದ್ದವರಿಗೆ ಬೇಡವೆನ್ನುವ ಬಲ

ಶುಕ್ರವಾರ ರಾತ್ರಿ ಬೆಂಗಳೂರಿನ ಮೆಜೆಸ್ಟಿಕ್, ಆನಂದರಾವ್ ವೃತ್ತ, ಕಲಾಸಿಪಾಳ್ಯದ ಕಡೆ ಹೋದರೆ ಬೆನ್ನಿಗೆ ಚೀಲ ಏರಿಸಿಕೊಂಡು ನಿಂತ ಹುಡುಗ ಹುಡುಗಿಯರೇ ಕಾಣುತ್ತಾರೆ. ಒಬ್ಬರು ಬೀದರಿಗೆ, ಒಬ್ಬರು ಶಿರಸಿಗೆ, ಇನ್ನೊಬ್ಬರು ಉಡುಪಿಗೆ. ಭಾನುವಾರ ರಾತ್ರಿ ಮತ್ತೆ ಬಸ್ಸು, ಸೋಮವಾರ ಬೆಳಿಗ್ಗೆ ಮುಖ ತೊಳೆದು ನೇರ ಕೆಲಸಕ್ಕೆ. ಇವರಲ್ಲದೆ ಔಷಧ ಕಂಪನಿಯ ಪ್ರತಿನಿಧಿಗಳಿದ್ದಾರೆ, ಪಾವಗಡದ ಸೋಲಾರ್ ಪಾರ್ಕಿಗೆ ಓಡಾಡುವ ಎಂಜಿನಿಯರುಗಳಿದ್ದಾರೆ, ಸ್ಪರ್ಧಾತ್ಮಕ ಪರೀಕ್ಷೆಗೆಂದು ಊರಿಂದೂರಿಗೆ ತಿರುಗುವವರಿದ್ದಾರೆ, ರಜೆ ಸಿಕ್ಕರೆ ಕುಮಾರಪರ್ವತಕ್ಕೋ ಲೇಹ್‌ಗೋ ಹೊರಡುವವರಿದ್ದಾರೆ. ನಿಮ್ಮ ವಯಸ್ಸಿನಲ್ಲಿ ನಾನು ಬ್ಯಾಂಕಿನ ತಪಾಸಣೆ ವಿಭಾಗದಲ್ಲಿದ್ದೆ. ತಿಂಗಳ ಬಹುಪಾಲು ದಿನ ಪರಸ್ಥಳದ ಲಾಡ್ಜು, ಪರಸ್ಥಳದ ನೀರು, ಪರಸ್ಥಳದ ಅನ್ನ. ಆ ಬದುಕು ಕಲಿಸಿದ್ದನ್ನು ನಿಮ್ಮ ಕಿವಿಗೆ ಹಾಕಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ.

ಹೇಳುವುದು ಮುಖ್ಯವಾಗಿ ಒಂದೇ ಮಾತು. ದಾರಿಯಲ್ಲಿ ಹಸಿವು ಕೆರಳಲು ಬಿಡಬೇಡಿ.

ಹಸಿವು ರುಚಿಯರಿಯದು, ನಿದ್ದೆ ಸುಖವರಿಯದು ಎಂದು ನಮ್ಮ ಹಿರಿಯರು ಆಡುತ್ತಿದ್ದರು. ಹೊಟ್ಟೆ ಕವಕವ ಎನ್ನುವಾಗ ಎದುರಿಗಿರುವ ತಟ್ಟೆ ಬಿಸಿಯೋ ತಂಗಳೋ, ಎಣ್ಣೆ ಹೊಸದೋ ಹಳೆಯದೋ ಎಂದು ನೋಡುವ ವ್ಯವಧಾನ ಯಾರಿಗೂ ಇರುವುದಿಲ್ಲ. ಸಂಜೆ ಆರಕ್ಕೆ ಒಂದು ಕಾಫಿ ಕುಡಿದು, ಊಟ ಬಿಟ್ಟು ಬಸ್ಸು ಹಿಡಿಯುತ್ತೀರಿ. ಬಸ್ಸು ಸಿರಾ ದಾಟಿ ಎಲ್ಲೋ ನಿಲ್ಲುವಾಗ ರಾತ್ರಿ ಹನ್ನೊಂದು. ‘ಇಪ್ಪತ್ತು ನಿಮಿಷ’ ಎಂದು ಕಂಡಕ್ಟರ್ ಕೂಗುತ್ತಾರೆ. ಅಲ್ಲಿ ಇರುವುದೊಂದೇ ಹೋಟೆಲು, ಅದೂ ಡ್ರೈವರ್ ಆರಿಸಿದ್ದು. ಕೆಂಪಗೆ ಹೊಳೆಯುವ ಗೋಬಿ, ಮಧ್ಯಾಹ್ನದ ಅನ್ನದಲ್ಲಿ ಹುರಿದ ಫ್ರೈಡ್‌ರೈಸ್, ಮೇಲೊಂದು ಬಾಟಲಿ ತಂಪುಪಾನೀಯ. ಗಬಗಬ ತಿಂದು ಹೋಗಿ ಸ್ಲೀಪರಿನಲ್ಲಿ ಕಾಲು ಮಡಚಿ ಮಲಗುತ್ತೀರಿ. ತುಂಬಿದ ಹೊಟ್ಟೆಯಲ್ಲಿ ಅಡ್ಡಾದರೆ ಜಠರದ ಆಮ್ಲ ಅನ್ನನಾಳಕ್ಕೆ ಏರುತ್ತದೆ. ಬೆಳಗಿನ ಜಾವ ಎದೆಯುರಿ, ಹುಳಿತೇಗು, ತಲೆಭಾರ. ಊರಿಗೆ ಮುಟ್ಟಿದಾಗ ಅಮ್ಮ ಮಾಡಿಟ್ಟ ಬಿಸಿ ಇಡ್ಲಿಯ ಮುಂದೆ ಕುಳಿತು ‘ಬೇಡಮ್ಮ, ಹೊಟ್ಟೆ ಸರಿಯಿಲ್ಲ’ ಅನ್ನುತ್ತೀರಿ. ಪ್ರತಿ ವಾರವೂ ಇದು ನಡೆಯುತ್ತಿದ್ದರೆ ಅದು ಪ್ರಯಾಣದ ದಣಿವಲ್ಲ, ಊಟದ ಅವ್ಯವಸ್ಥೆ.

ಆದ್ದರಿಂದ ರಾತ್ರಿ ಬಸ್ಸಿಗೆ ಹೊರಡುವವರು ಏಳೂವರೆ ಎಂಟಕ್ಕೆಲ್ಲ ಹಗುರಾಗಿ ಊಟ ಮುಗಿಸಿಯೇ ಹತ್ತಬೇಕು. ಅನ್ನ ಸಾರು, ಎರಡು ಚಪಾತಿ, ಮುದ್ದೆ, ನಿಮ್ಮ ಮನೆಯಲ್ಲಿ ಯಾವುದಿದೆಯೋ ಅದು. ಪಿ.ಜಿ.ಯಲ್ಲಿ ಊಟ ಒಂಬತ್ತಕ್ಕೇ ಕೊಡುವುದಾದರೆ ದರ್ಶಿನಿಯಲ್ಲಿ ಎರಡು ಇಡ್ಲಿ ತಿನ್ನಿ. ಆಮೇಲೆ ಹನ್ನೊಂದಕ್ಕೆ ಬಸ್ಸು ಎಲ್ಲಿ ನಿಂತರೂ ನೀವು ಇಳಿದು ಕೈಕಾಲು ಆಡಿಸಿ, ಶೌಚಕ್ಕೆ ಹೋಗಿ ಬಂದು ಮಲಗಬಹುದು.

ಹಗಲು ಪ್ರಯಾಣಕ್ಕೆ ಬುತ್ತಿ ಬೇಕು. ಬುತ್ತಿ ಕಟ್ಟಿಕೊಳ್ಳುವುದು ಹಳೆಯ ಕಾಲದ ಬಡತನದ ಗುರುತು ಎಂದು ನಿಮ್ಮಲ್ಲಿ ಕೆಲವರು ಭಾವಿಸಿರುವುದನ್ನು ಬಲ್ಲೆ. ಪಕ್ಕದ ಸೀಟಿನವರ ಮುಂದೆ ಡಬ್ಬಿ ಬಿಚ್ಚಲು ಸಂಕೋಚ. ಆ ಸಂಕೋಚವನ್ನು ಬಿಡಿ. ಬುತ್ತಿಯಲ್ಲಿರುವುದು ಬರೀ ಅನ್ನವಲ್ಲ, ಕೆಟ್ಟ ಹೋಟೆಲಿನ ಮುಂದೆ ನಿಂತಾಗ ‘ಬೇಡ’ ಎಂದು ಹೊರನಡೆಯುವ ಬಲ. ಕೈಯಲ್ಲಿ ಏನೂ ಇಲ್ಲದವರು ಸಿಕ್ಕಿದ್ದನ್ನು ತಿನ್ನಲೇಬೇಕಾಗುತ್ತದೆ.

ನಮ್ಮ ನಾಡಿನ ಬುತ್ತಿಯ ಜಾಣ್ಮೆಯನ್ನು ಸ್ವಲ್ಪ ಬಿಡಿಸಿ ನೋಡಿ. ವಿಜಯಪುರ, ಕಲಬುರಗಿ ಕಡೆಯ ಖಡಕ್ ಜೋಳದ ರೊಟ್ಟಿಯಲ್ಲಿ ನೀರಿನ ಪಸೆಯೇ ಇರುವುದಿಲ್ಲ. ಪಸೆಯಿಲ್ಲದ ಕಡೆ ಬೂಷ್ಟು ಬೆಳೆಯದು. ಹೀಗಾಗಿ ವಾರಗಟ್ಟಲೆ ಇಟ್ಟರೂ ಅದು ಕೆಡುವುದಿಲ್ಲ. ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಪುಡಿ. ಅವೂ ಒಣಗಿದವೇ, ಬೇಳೆಕಾಳಿನಂತೆ ಬಲ ಕೊಡುವಂಥವು. ಮೈಸೂರು ಸೀಮೆಯ ಪುಳಿಯೋಗರೆ ಬೇರೆ ದಾರಿ ಹಿಡಿಯಿತು. ಅದರಲ್ಲಿ ಅನ್ನವನ್ನು ಕಾಯುವುದು ಹುಣಸೆಯ ಹುಳಿ, ಎಣ್ಣೆ, ಉಪ್ಪು. ಈರುಳ್ಳಿ, ತೆಂಗಿನಕಾಯಿಯ ಹಸಿ ತುರಿ ಬಿದ್ದರೆ ಆ ಕಾವಲು ಸಡಿಲವಾಗುತ್ತದೆ. ಪ್ರಯಾಣಕ್ಕೆ ಮಾಡುವಾಗ ಅವೆರಡನ್ನೂ ದೂರವಿಡಿ.

ಮೊಸರನ್ನವನ್ನು ನನ್ನ ತಾಯಿ ಕಟ್ಟುತ್ತಿದ್ದ ಕ್ರಮ ಇನ್ನೂ ಕಣ್ಣಮುಂದಿದೆ. ಅನ್ನವನ್ನು ಮೆತ್ತಗೆ ಬೇಯಿಸಿ, ತಟ್ಟೆಗೆ ಹರಡಿ, ಸೌಟಿನ ಹಿಂಬದಿಯಿಂದ ನುರಿದು, ಕಾಯಿಸಿ ಆರಿಸಿದ ಹಾಲು ಹುಯ್ಯುತ್ತಿದ್ದರು. ಉಗುರು ಬೆಚ್ಚಗಾದ ಮೇಲೆ ಒಂದೇ ಚಮಚ ಮೊಸರು. ಉಪ್ಪು, ಶುಂಠಿ, ಸಾಸಿವೆ ಒಗ್ಗರಣೆ. ಮಧ್ಯಾಹ್ನ ಡಬ್ಬಿ ಬಿಚ್ಚುವ ಹೊತ್ತಿಗೆ ಅದು ಹದವಾಗಿ ಹೆಪ್ಪಾಗಿರುತ್ತಿತ್ತು, ಹುಳಿಯಾಗಿರುತ್ತಿರಲಿಲ್ಲ. ಬೆಳಿಗ್ಗೆಯೇ ಮೊಸರು ಕಲಸಿಕೊಂಡು ಹೋದರೆ ಬೇಸಿಗೆಯಲ್ಲಿ ಎರಡು ತಾಸಿಗೇ ಹುಳಿ ಹೊಡೆಯುತ್ತದೆ. ಇನ್ನೊಂದು ವಿಷಯವನ್ನೂ ಅವರು ಬಿಡುತ್ತಿರಲಿಲ್ಲ. ಯಾವುದೇ ಬುತ್ತಿಯನ್ನು ಹಬೆಯಾಡುತ್ತಿರುವಾಗ ಮುಚ್ಚಳ ಬಿಗಿದು ಕಟ್ಟುತ್ತಿರಲಿಲ್ಲ. ಬಿಸಿ ಅನ್ನ ಮುಚ್ಚಿದರೆ ಹಬೆ ಮುಚ್ಚಳಕ್ಕೆ ತಾಗಿ ನೀರಾಗಿ ಮತ್ತೆ ಅನ್ನದ ಮೇಲೇ ಸುರಿಯುತ್ತದೆ. ಆ ಒದ್ದೆಯಲ್ಲೇ ಅನ್ನ ಹಳಸುವುದು. ಹರಡಿ, ಬೇಗ ಆರಿಸಿ, ಆಮೇಲೆ ತುಂಬಿ.

ಅನ್ನದ ವಿಚಾರದಲ್ಲಿ ನಿಮ್ಮಲ್ಲಿ ಹಲವರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಇರುತ್ತವೆ. ಕುದಿಸಿದರೂ ಅವು ಸಾಯುವುದಿಲ್ಲ. ಬೆಂದ ಅನ್ನ ಗಂಟೆಗಟ್ಟಲೆ ಹಾಗೇ ಹೊರಗಿದ್ದರೆ ಅವು ಮೊಳೆತು ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ತಿಂದ ಒಂದರಿಂದ ಆರು ಗಂಟೆಯೊಳಗೆ ವಾಂತಿ ಶುರುವಾಗುತ್ತದೆ. ಬಾಣಲೆಯಲ್ಲಿ ಬೆಂಕಿ ಎಬ್ಬಿಸಿ ಹುರಿದುಕೊಟ್ಟ ಫ್ರೈಡ್‌ರೈಸ್ ಬಿಸಿಬಿಸಿಯಾಗಿದೆ, ಅಪಾಯವಿಲ್ಲ ಎಂದು ನಂಬುವುದು ಸರಿಯಲ್ಲ. ಆ ಅನ್ನ ಹುರಿಯುವ ಮೊದಲು ಎಷ್ಟು ಹೊತ್ತು ಎಲ್ಲಿತ್ತು ಎಂಬುದೇ ಪ್ರಶ್ನೆ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಶಾಖದಲ್ಲಿ ಕ್ರಿಮಿಗಳು ವೇಗವಾಗಿ ವೃದ್ಧಿಯಾಗುತ್ತವೆ. ನಮ್ಮ ಊರುಗಳ ಹವೆ ವರ್ಷವಿಡೀ ಆ ಮಿತಿಯೊಳಗೇ ಇರುತ್ತದೆ.

ಅಡುಗೆಮನೆಯಿಲ್ಲದ ಕೋಣೆಯಲ್ಲಿ ಇರುವ ಹುಡುಗರು ‘ನಮಗೆ ಬುತ್ತಿ ಕಟ್ಟುವವರು ಯಾರು’ ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಒಲೆ ಹಚ್ಚದೆಯೂ ಬುತ್ತಿಯಾಗುತ್ತದೆ. ಹುರಿಗಡಲೆ, ಹುರಿದ ಶೇಂಗಾ, ಒಂದು ಅಚ್ಚು ಬೆಲ್ಲ, ಒಗ್ಗರಣೆ ಅವಲಕ್ಕಿ, ಮಂಡಕ್ಕಿ. ಬಾಳೆಹಣ್ಣು ದಾರಿಯುದ್ದಕ್ಕೂ ಸಿಗುತ್ತದೆ, ತೊಳೆಯುವ ತಾಪತ್ರಯವಿಲ್ಲ. ಸೌತೆಕಾಯಿ, ಕಿತ್ತಳೆಗಳನ್ನೂ ನೀವೇ ಸುಲಿದು ತಿನ್ನಬಹುದು. ಹಿಡಿ ಶೇಂಗಾ, ಚೂರು ಬೆಲ್ಲ, ಎರಡು ಬಾಳೆಹಣ್ಣು ಹೊಟ್ಟೆಗೆ ಬಿದ್ದರೆ ಮೂರು ನಾಲ್ಕು ಗಂಟೆ ತಡೆಯುತ್ತದೆ. ಅಷ್ಟರಲ್ಲಿ ಒಳ್ಳೆಯ ಹೋಟೆಲು ಬರುತ್ತದೆ. ಬಿಸ್ಕತ್ತು, ಚಿಪ್ಸುಗಳನ್ನು ಈ ಸಾಲಿಗೆ ಸೇರಿಸಬೇಡಿ. ಅವು ಬಾಯಾಡಿಸಲು ಆದೀತು, ಹಸಿವಿಗೆ ಆಗದು.

ಯುಗಾದಿಯ ಹೊತ್ತಿಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯಿಂದ ಶ್ರೀಶೈಲಕ್ಕೆ ನಡೆದುಹೋಗುವ ಭಕ್ತರನ್ನು ನೀವು ನೋಡಿರಬಹುದು. ಉರಿಬಿಸಿಲು, ಟಾರು ರಸ್ತೆ, ಕೊನೆಗೆ ನಲ್ಲಮಲದ ಕಾಡು. ಅವರಲ್ಲಿ ಎಪ್ಪತ್ತರ ಅಜ್ಜಿಯರೂ ಇರುತ್ತಾರೆ. ಅವರು ತಿನ್ನುವುದೇನು, ಯಾವಾಗ ನಡೆಯುತ್ತಾರೆ ಎಂದು ಗಮನಿಸಿ. ಬೆಳಗಿನ ಜಾವ ಎದ್ದು ತಂಪು ಹೊತ್ತಿನಲ್ಲಿ ನಡೆಯುತ್ತಾರೆ. ಬಿಸಿಲೇರಿದ ಮೇಲೆ ಮರದಡಿ ಇಲ್ಲವೇ ದಾಸೋಹದ ಪೆಂಡಾಲಿನಲ್ಲಿ ಕಾಲು ಚಾಚುತ್ತಾರೆ. ದಾರಿಯುದ್ದಕ್ಕೂ ಊರಿನವರು ಅಂಬಲಿ, ಮಜ್ಜಿಗೆ, ರೊಟ್ಟಿ, ಪಲ್ಯ ಹಿಡಿದು ಕಾದಿರುತ್ತಾರೆ. ಉಪ್ಪು ಹಾಕಿದ ಮಜ್ಜಿಗೆ ಬೆವರಿನಲ್ಲಿ ಹೋದ ಉಪ್ಪು ನೀರು ಎರಡನ್ನೂ ತುಂಬಿಕೊಡುತ್ತದೆ. ಅಂಬಲಿ ಹಗುರಾಗಿ ಜೀರ್ಣವಾಗಿ ಬಲ ಕೊಡುತ್ತದೆ. ಬೆಟ್ಟ ಹತ್ತಲು ಹೋಗುವ ಹುಡುಗರು ಬಣ್ಣದ ಶಕ್ತಿಪೇಯಗಳ ಡಬ್ಬಿ ಹೊತ್ತು ಹೊರಡುವುದನ್ನು ಕಂಡಾಗ ನನಗೆ ಈ ಪಾದಯಾತ್ರಿಗಳೇ ನೆನಪಾಗುತ್ತಾರೆ. ಆ ಡಬ್ಬಿಗಳಲ್ಲಿರುವ ಕೆಫೀನ್ ದಣಿವನ್ನು ಮರೆಸುತ್ತದೆ, ದಣಿವನ್ನು ಕಳೆಯುವುದಿಲ್ಲ.

ಎಲ್ಲ ಹೊತ್ತೂ ಬುತ್ತಿಯಲ್ಲೇ ಕಳೆಯಲಾಗದು, ಕಳೆಯಬೇಕಾಗಿಯೂ ಇಲ್ಲ. ಊರೂರಿನ ಊಟ ಉಣ್ಣುವುದು ಪ್ರಯಾಣದ ದೊಡ್ಡ ಸುಖ. ಮದ್ದೂರಿನಲ್ಲಿ ವಡೆ, ದಾವಣಗೆರೆಯಲ್ಲಿ ಬೆಣ್ಣೆದೋಸೆ, ಬೆಳಗಾವಿಯಲ್ಲಿ ಕುಂದಾ ತಿನ್ನದೆ ಬನ್ನಿ ಎಂದು ನಾನು ಹೇಳಲಾರೆ. ಎಲ್ಲಿ, ಯಾವಾಗ ಉಣ್ಣಬೇಕೆಂದು ಆರಿಸುವುದನ್ನು ಕಲಿಯಿರಿ ಎನ್ನುತ್ತೇನೆ.

ಹೊಸ ಊರಿಗೆ ಹೋದಾಗ ನಾನು ಮೊದಲು ಕೇಳುತ್ತಿದ್ದುದು ಅಲ್ಲಿನ ಆಟೋದವರನ್ನೂ ಶಾಖೆಯ ಜವಾನರನ್ನೂ. ದಿನಾ ಹೊರಗೆ ಉಣ್ಣುವವರಿಗೆ ಎಲ್ಲಿ ತಿಂದರೆ ಹೊಟ್ಟೆ ಕೆಡುವುದಿಲ್ಲ ಎಂಬುದು ಗೊತ್ತಿರುತ್ತದೆ. ಅವರು ತೋರಿದ ಜಾಗಕ್ಕೆ ಊರಿನವರೆಲ್ಲ ಉಣ್ಣುವ ಹೊತ್ತಿಗೇ ಹೋಗುತ್ತಿದ್ದೆ. ಜನ ನುಗ್ಗುವ ಹೊತ್ತಿನಲ್ಲಿ ಅಡುಗೆ ಒಲೆಯಿಂದ ಇಳಿದದ್ದೇ ಎಲೆಗೆ ಬರುತ್ತದೆ. ಮೂರೂವರೆಗೆ ಹೋದರೆ ಅದೇ ಹೋಟೆಲಿನಲ್ಲೇ ಪಾತ್ರೆಯ ತಳದ ಪಲ್ಯ ಸಿಗುತ್ತದೆ. ಹೋಟೆಲಿನೊಳಗೆ ಹಾಕಿದ ದೀಪಾಲಂಕಾರ ನೋಡಬೇಡಿ. ಕೈತೊಳೆಯುವ ಜಾಗ ನೋಡಿ, ಸೋಪು ಇದೆಯೇ ನೋಡಿ, ತಟ್ಟೆಗಳನ್ನು ಹರಿಯುವ ನೀರಿನಲ್ಲಿ ತೊಳೆಯುತ್ತಾರೋ ಒಂದೇ ಬಕೆಟ್ಟಿನಲ್ಲಿ ಅದ್ದಿ ತೆಗೆಯುತ್ತಾರೋ ನೋಡಿ. ಬಕೆಟ್ಟಿನಲ್ಲಿ ಅದ್ದುತ್ತಿದ್ದರೆ ಹಿಂತಿರುಗಿ ಬನ್ನಿ.

ಉತ್ತರ ಕರ್ನಾಟಕದ ಖಾನಾವಳಿಗಳಿಗೆ ನಾನು ಋಣಿ. ಮಧ್ಯಾಹ್ನ ಒಂದರ ಸುಮಾರಿಗೆ ವಿಜಯಪುರದ ಯಾವುದಾದರೂ ಹಳೆಯ ಖಾನಾವಳಿಯ ಮುಂದೆ ನಿಂತರೆ ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತದೆ. ಎರಡು ಮೂರು ಹೆಂಗಸರು ಸಾಲಾಗಿ ಕೂತು ಹಿಟ್ಟು ನಾದಿ, ಅಂಗೈಯಗಲ ಮಾಡಿ, ಎರಡೂ ಕೈಯಿಂದ ತಟ್ಟಿ ತಟ್ಟಿ ತಟ್ಟೆಯಗಲ ಮಾಡಿ ಹಂಚಿಗೆ ಹಾಕುತ್ತಾರೆ. ಒದ್ದೆ ಬಟ್ಟೆಯಲ್ಲಿ ಒಮ್ಮೆ ಸವರಿ, ತಿರುವಿ, ಕೆಂಡಕ್ಕೆ ಹಿಡಿದರೆ ಅದು ಉಬ್ಬಿ ನಿಲ್ಲುತ್ತದೆ. ‘ಈಗ ಬಡಿದ ರೊಟ್ಟಿ ಕೊಡ್ರಿ’ ಎಂದರೆ ಹಬೆಯೇಳುವ ರೊಟ್ಟಿ ತಟ್ಟೆಗೆ ಬೀಳುತ್ತದೆ, ಜೊತೆಗೆ ಹೆಸರುಕಾಳಿನ ಪಲ್ಯ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ನಾರು, ಕಾಳು, ತರಕಾರಿ, ಮೊಸರು ಎಲ್ಲವೂ ಒಂದೇ ತಟ್ಟೆಯಲ್ಲಿ. ಪ್ರಯಾಣಿಕರಿಗೆ ಇದಕ್ಕಿಂತ ಒಳ್ಳೆಯ ಊಟ ನಾನು ಬೇರೆಲ್ಲೂ ಕಂಡಿಲ್ಲ. ಆದರೆ ಅಂಚಿಗೆ ಇಟ್ಟ ಹಸಿ ಮೆಂತ್ಯಸೊಪ್ಪು, ಉಳ್ಳಾಗಡ್ಡಿ, ಮೂಲಂಗಿಯ ಬಗ್ಗೆ ಎಚ್ಚರ ಹೇಳಬೇಕು. ಮನೆಯಲ್ಲಿ ಮೂರು ನೀರಿನಲ್ಲಿ ತೊಳೆದ ಸೊಪ್ಪು ಅಮೃತ, ಪರಸ್ಥಳದಲ್ಲಿ ಯಾವ ನೀರಿನಲ್ಲಿ ತೊಳೆದರೋ ತಿಳಿಯದು. ಮಳೆಗಾಲದಲ್ಲಂತೂ ಹಸಿಯದ್ದನ್ನು ಬಿಟ್ಟು ಬೆಂದದ್ದನ್ನಷ್ಟೇ ತಿನ್ನಿ. ಇದನ್ನು ಒಪ್ಪದ ಖಾನಾವಳಿ ಪ್ರಿಯರು ಬಹಳ ಮಂದಿ ಇದ್ದಾರೆ, ಆದರೂ ನನ್ನ ಮಾತು ಇದೇ.

ದಕ್ಷಿಣದ ಕಡೆ ಬಂದರೆ ಇಡ್ಲಿಯೇ ದೊಡ್ಡ ಆಸರೆ. ಹಬೆಯಲ್ಲಿ ಬೆಂದದ್ದು, ಎಣ್ಣೆಯಿಲ್ಲದ್ದು, ಎಲ್ಲ ಊರಲ್ಲೂ ಸಿಗುವಂಥದ್ದು. ಬಿಸಿ ಸಾಂಬಾರು ಹಾಕಿಸಿಕೊಳ್ಳಿ. ಕಾಯಿಚಟ್ನಿಯನ್ನು ಮಾತ್ರ ಬೆಳಗಿನ ಮೊದಲ ಹೊತ್ತಿನಲ್ಲಷ್ಟೇ ನಂಬಿ. ಹಸಿ ತೆಂಗಿನಕಾಯಿಗೆ ನೀರು ಸೇರಿಸಿ ರುಬ್ಬಿದ್ದು ಬೇಗ ಕೆಡುತ್ತದೆ. ಹನ್ನೊಂದರ ಮೇಲೆ ಮೂಗಿಗೆ ಹಿಡಿದು ನೋಡಿ, ಸಂಶಯ ಬಂದರೆ ಬದಿಗಿಡಿ. ರಸ್ತೆ ಬದಿಯಲ್ಲಿ ಕೊಯ್ದಿಟ್ಟ ಹಣ್ಣು, ಐಸು ಹಾಕಿದ ಕಬ್ಬಿನಹಾಲು, ಪಾನಿಪೂರಿಯ ಪಾನಿ, ಇವು ಮೂರರಲ್ಲೂ ನೀರು ಎಲ್ಲಿಂದ ಬಂತೆಂದು ನಿಮಗೆ ತಿಳಿಯುವ ದಾರಿಯಿಲ್ಲ. ಬಾಯಾರಿದರೆ ಎಳನೀರು ಇದೆ. ನಿಮ್ಮ ಕಣ್ಣೆದುರೇ ಕೊಚ್ಚಿ ಕೊಡುತ್ತಾರೆ. ಗೋಬಿ ಮಂಚೂರಿಯ ಕೆಂಪಿನ ಬಗ್ಗೆಯೂ ಹೇಳಿಬಿಡುತ್ತೇನೆ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೂ ಬಾಂಬೆ ಮಿಠಾಯಿಗೂ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿತು, ಅದೇ ವರ್ಷ ಜೂನ್‌ನಲ್ಲಿ ಕಬಾಬಿಗೂ. ಈಗಲೂ ರಾತ್ರಿ ಹೋಟೆಲಿನಲ್ಲಿ ನಿಮ್ಮ ಬೆರಳಿಗೆ ಅಂಟಿ ಹೋಗದ ಕೆಂಪು ಕಂಡರೆ ಅದು ಮೆಣಸಿನಕಾಯಿಯದ್ದಲ್ಲ ಎಂದು ತಿಳಿಯಿರಿ.

‘ನಾನು ಎಲ್ಲ ಕಡೆ ತಿಂದಿದ್ದೇನೆ, ಏನೂ ಆಗಿಲ್ಲ’ ಎಂದು ಎದೆ ತಟ್ಟಿಕೊಳ್ಳುವ ಹುಡುಗರಿಗೆ ಒಂದು ಮಾತು. ಮರುದಿನ ಏನೂ ಆಗದಿದ್ದರೆ ಪಾರಾದೆವು ಎಂದಲ್ಲ. ಟೈಫಾಯ್ಡ್ ಕಾಣಿಸಿಕೊಳ್ಳಲು ಒಂದರಿಂದ ಮೂರು ವಾರ ಹಿಡಿಯುತ್ತದೆ. ಕೊಳಕು ನೀರಿನಿಂದ ಬರುವ ಕಾಮಾಲೆ, ಅಂದರೆ ಹೆಪಟೈಟಿಸ್ ಎ, ಎರಡರಿಂದ ಏಳು ವಾರ ಒಳಗೇ ಅಡಗಿರಬಹುದು. ಕಣ್ಣು ಹಳದಿಯಾಗುವ ಹೊತ್ತಿಗೆ ಎಲ್ಲಿ, ಏನು ತಿಂದದ್ದೆಂಬ ನೆನಪೂ ಇರುವುದಿಲ್ಲ. ಎರಡಕ್ಕೂ ಲಸಿಕೆ ಇದೆ. ಕೆಲಸದ ಮೇಲೆ ಸದಾ ಓಡಾಡುವವರು ವೈದ್ಯರ ಬಳಿ ಕೇಳಿ ಹಾಕಿಸಿಕೊಳ್ಳಿ.

ಈಗ ನೀರು. ಇದನ್ನು ಹೆಣ್ಣುಮಕ್ಕಳಿಗೆ ವಿಶೇಷವಾಗಿ ಹೇಳುತ್ತಿದ್ದೇನೆ, ಗಂಡುಮಕ್ಕಳೂ ಕೇಳಲೇಬೇಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಮೇಲೆ ನಮ್ಮ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳ ಓಡಾಟ ಎಷ್ಟು ಹೆಚ್ಚಿದೆ ಎಂದು ಎಲ್ಲರೂ ನೋಡುತ್ತಿದ್ದೇವೆ. ಸಂತೋಷದ ಸಂಗತಿ. ಆದರೆ ಪ್ರಯಾಣದ ದಿನ ಬೆಳಿಗ್ಗೆಯಿಂದಲೇ ನೀರು ಬಿಟ್ಟು ಕೂರುವ ಹೆಣ್ಣುಮಕ್ಕಳು ಎಷ್ಟು ಜನರೋ. ಕಾರಣ ಎಲ್ಲರಿಗೂ ಗೊತ್ತು. ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲ, ಸಿಕ್ಕರೂ ಒಳಗೆ ಕಾಲಿಡಲಾಗುವುದಿಲ್ಲ, ಬಸ್ಸು ನಿಲ್ಲಿಸಿ ಎನ್ನಲು ನಾಚಿಕೆ. ಬಾಯಾರಿಕೆ ತಡೆದು, ಮೂತ್ರ ಕಟ್ಟಿ ಎಂಟು ಹತ್ತು ಗಂಟೆ ಕುಳಿತರೆ ತಲೆನೋವು, ಮಲಬದ್ಧತೆ, ಮೂತ್ರದ ಸೋಂಕು. ಸೋಂಕು ಮೂತ್ರಪಿಂಡಕ್ಕೆ ಏರಿದರೆ ಚಳಿಜ್ವರ, ಆಸ್ಪತ್ರೆ ವಾಸ. ಮಗಳೇ, ನಾಚಿಕೆಗಾಗಿ ಆ ನೋವು ತಿನ್ನಬೇಡ. ಹೊರಡುವ ಮುನ್ನವೇ ಬಸ್ಸು ಎಲ್ಲೆಲ್ಲಿ ನಿಲ್ಲುತ್ತದೆ ಎಂದು ಕೇಳಿಕೋ. ದೊಡ್ಡ ಬಸ್‌ನಿಲ್ದಾಣ, ಹೆದ್ದಾರಿಯ ಪೆಟ್ರೋಲ್ ಬಂಕು, ದೊಡ್ಡ ಹೋಟೆಲು, ಎಲ್ಲಿ ನಿಂತರೂ ಬೇಕಿರಲಿ ಬೇಡವಾಗಿರಲಿ ಒಮ್ಮೆ ಹೋಗಿ ಬಾ. ಸೋಪಿನ ಚೂರು, ಟಿಶ್ಯೂ ಚೀಲದಲ್ಲಿರಲಿ. ಒಮ್ಮೆಗೇ ಅರ್ಧ ಲೀಟರು ಕುಡಿಯದೆ ಗುಟುಕು ಗುಟುಕಾಗಿ ಆಗಾಗ ಕುಡಿ. ತಡೆಯಲಾಗದಿದ್ದರೆ ಕಂಡಕ್ಟರಿಗೆ ನೇರವಾಗಿ ಹೇಳು, ಬಸ್ಸು ನಿಲ್ಲುತ್ತದೆ. ಜೊತೆಗೆ ಬಂದ ಅಣ್ಣ, ಗಂಡ, ಗೆಳೆಯರಿಗೆ ನನ್ನ ವಿನಂತಿ: ಆಕೆ ಕೇಳುವ ಮೊದಲೇ ನೀವು ಬಸ್ಸು ನಿಲ್ಲಿಸಲು ಕೇಳಿ. ಕಾರಿನಲ್ಲಿ ಹೋಗುವವರು ಎರಡು ಗಂಟೆಗೊಮ್ಮೆ ತಾವಾಗಿಯೇ ನಿಲ್ಲಿಸಿ.

ನೀರನ್ನು ಮನೆಯಿಂದಲೇ ತುಂಬಿಕೊಂಡು ಹೊರಡಿ. ಲಾಡ್ಜಿನಲ್ಲಿ ಕುದಿಸುವ ಕೆಟಲ್ ಇದ್ದರೆ ಗುಳ್ಳೆಯೆದ್ದು ಕುದಿದ ಮೇಲೆ ಒಂದು ನಿಮಿಷ ಬಿಟ್ಟು ಆರಿಸಿ ರಾತ್ರಿಯೇ ಬಾಟಲಿಗೆ ತುಂಬಿಡಿ. ಕೊಂಡರೆ ಮುಚ್ಚಳದ ಸೀಲು ನೋಡಿ, ಖಾಲಿ ಬಾಟಲಿಯನ್ನು ಹಿಚುಕಿ ಎಸೆಯಿರಿ. ಕಲಬುರಗಿ, ರಾಯಚೂರಿನ ಏಪ್ರಿಲ್ ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ಅಲ್ಲಿಗೆ ಹೋಗುವ ಬೆಂಗಳೂರಿನವರು ಬಾಯಾರಿಕೆಗೆ ಕಾಯದೆ ಕುಡಿಯಬೇಕು. ಮೂತ್ರ ತಿಳಿಹಳದಿ ಇದ್ದರೆ ಸರಿ, ಗಾಢವಾದರೆ ನೀರು ಸಾಲದು.

ಎಷ್ಟು ಜಾಗ್ರತೆ ಮಾಡಿದರೂ ಒಮ್ಮೊಮ್ಮೆ ಹೊಟ್ಟೆ ಕೆಡುತ್ತದೆ. ಆಗ ನೆನಪಿಡಬೇಕಾದ್ದು ಒಂದು ಪೊಟ್ಟಣ, ಓಆರ್‌ಎಸ್. ಅದರ ಹಿಂದಿನ ಕಥೆಯನ್ನು ಪ್ರತಿ ಯುವಕ, ಯುವತಿ ತಿಳಿದಿರಬೇಕು. 1971ರಲ್ಲಿ ಬಾಂಗ್ಲಾ ವಿಮೋಚನೆಯ ಹೊತ್ತಿಗೆ ಗಡಿ ದಾಟಿ ಬಂದ ನಿರಾಶ್ರಿತರ ಶಿಬಿರಗಳಲ್ಲಿ ಕಾಲರಾ ಹಬ್ಬಿತು. ಪಶ್ಚಿಮ ಬಂಗಾಳದ ಬನಗಾಂವ್ ಆಸ್ಪತ್ರೆಯಲ್ಲಿ ನೆಲದ ಮೇಲೂ ರೋಗಿಗಳು. ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿಯುತ್ತ ಬಂತು. ಆಗ ದಿಲೀಪ್ ಮಹಲನಬಿಸ್ ಎಂಬ ವೈದ್ಯರು ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಅಳೆದು ನೀರಿನಲ್ಲಿ ಕದಡಿ, ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಶೇಕಡ 30ರ ಆಸುಪಾಸಿನಲ್ಲಿದ್ದ ಸಾವು ಶೇಕಡ 4ಕ್ಕಿಂತ ಕೆಳಗಿಳಿಯಿತು. 2022ರಲ್ಲಿ ಅವರು ತೀರಿಕೊಂಡರು, ಮರುವರ್ಷ ಮರಣೋತ್ತರವಾಗಿ ಪದ್ಮವಿಭೂಷಣ ಬಂತು. ಕರುಳು ಬರೀ ನೀರನ್ನು ಹೀರದ ಸ್ಥಿತಿಯಲ್ಲೂ ಸಕ್ಕರೆ ಮತ್ತು ಉಪ್ಪು ಒಟ್ಟಿಗಿದ್ದರೆ ಅವುಗಳೊಡನೆ ನೀರನ್ನೂ ಒಳಗೆಳೆದುಕೊಳ್ಳುತ್ತದೆ ಎಂಬ ತಿಳಿವಳಿಕೆಯೇ ಅವರ ಧೈರ್ಯಕ್ಕೆ ಆಧಾರ.

ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪೊಟ್ಟಣ 20.5 ಗ್ರಾಂ ತೂಗುತ್ತದೆ. ಇಡೀ ಪೊಟ್ಟಣವನ್ನು ಒಂದು ಲೀಟರು ಶುದ್ಧ ನೀರಿಗೇ ಬೆರೆಸಬೇಕು, ಒಂದು ಲೋಟಕ್ಕೆ ಅಂದಾಜಿನಲ್ಲಿ ಚಿಟಿಕೆ ಹಾಕುವುದಲ್ಲ. ಬೆರೆಸಿದ್ದನ್ನು 24 ಗಂಟೆಯೊಳಗೆ ಮುಗಿಸಿ, ಉಳಿದರೆ ಚೆಲ್ಲಿ. ಪೊಟ್ಟಣ ಸಿಗದ ಕಡೆ ಒಂದು ಲೀಟರು ನೀರಿಗೆ ಸಮತಟ್ಟಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾಗಲೇಬಾರದು. ಅಂಗಡಿಯಲ್ಲಿ ಟೆಟ್ರಾಪ್ಯಾಕಿನಲ್ಲಿ ಬರುವ ಸಿಹಿ ಪಾನೀಯಗಳನ್ನು ಓಆರ್‌ಎಸ್ ಎಂದು ತಿಳಿದು ಕುಡಿಯಬೇಡಿ. ಸಕ್ಕರೆ ಅತಿಯಾದರೆ ಭೇದಿ ಇನ್ನೂ ಹೆಚ್ಚುತ್ತದೆ. ಸೂತ್ರಕ್ಕೆ ಸರಿಹೊಂದದ ಪಾನೀಯಗಳ ಹೆಸರಿನಲ್ಲಿ ‘ಓಆರ್‌ಎಸ್’ ಎಂಬ ಪದ ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶವನ್ನೇ ಹೊರಡಿಸಿತು.

ಭೇದಿಯಾದ ಕೂಡಲೇ ಔಷಧದ ಅಂಗಡಿಯವರು ಕೊಡುವ ಆಂಟಿಬಯಾಟಿಕ್ ನುಂಗಬೇಡಿ. ಬಹುತೇಕ ಭೇದಿ ಎರಡು ಮೂರು ದಿನಕ್ಕೆ ತಾನೇ ನಿಲ್ಲುತ್ತದೆ. ನಿಮ್ಮ ಕೆಲಸ ಹೋದ ನೀರು ತುಂಬಿಸುವುದು, ಗಂಜಿ, ಮಜ್ಜಿಗೆ ಅನ್ನ, ಬಾಳೆಹಣ್ಣು ತಿನ್ನುವುದು. ಮಲದಲ್ಲಿ ರಕ್ತ ಕಂಡರೆ, ಜೋರು ಜ್ವರ ಬಂದರೆ, ಕುಡಿದದ್ದೆಲ್ಲ ವಾಂತಿಯಾಗುತ್ತಿದ್ದರೆ, ಆರೆಂಟು ಗಂಟೆ ಮೂತ್ರವೇ ಬರದಿದ್ದರೆ, ಎದ್ದು ನಿಂತಾಗ ಕಣ್ಣು ಕತ್ತಲಿಟ್ಟರೆ ಇನ್ನು ಕಾಯಬೇಡಿ. ಭೇದಿ ಕಟ್ಟಿಸುವ ಮಾತ್ರೆ ಆಗ ಅಪಾಯ. ಬಸ್ಸಿನಿಂದ ಇಳಿದು ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ, ಇಲ್ಲವೇ 108ಕ್ಕೆ ಕರೆ ಮಾಡಿ. ಮೀಟಿಂಗ್ ತಪ್ಪಿದರೆ ಮತ್ತೊಂದು ದಿನ ನಡೆಯುತ್ತದೆ.

ಇನ್ನು ಕೆಲವು ಬಿಡಿ ಮಾತುಗಳು. ಆಗುಂಬೆಯ ಹದಿನಾಲ್ಕು ತಿರುವು, ಚಾರ್ಮಾಡಿ, ಶಿರಾಡಿ ಘಾಟಿ ಹತ್ತಿಳಿಯುವ ಮುನ್ನ ಬೆಣ್ಣೆ, ತುಪ್ಪ, ಕರಿದದ್ದು ಬೇಡ. ಬರಿಹೊಟ್ಟೆಯೂ ಬೇಡ, ಎರಡೂ ವಾಂತಿ ಬರಿಸುತ್ತವೆ. ಮುಂದಿನ ಸೀಟಿನಲ್ಲಿ ಕೂತು ದೂರಕ್ಕೆ ನೋಟ ಇಡಿ, ಫೋನು ಒಳಗಿರಲಿ. ನಾಲ್ಕು ಗಂಟೆಗಿಂತ ಹೆಚ್ಚು ಅಲುಗಾಡದೆ ಕೂರುವ ಪ್ರಯಾಣದಲ್ಲಿ, ವಿಮಾನವಿರಲಿ ಬಸ್ಸಿರಲಿ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಸಂಭವ ಹೆಚ್ಚುತ್ತದೆ. ಆಗಾಗ ಎದ್ದು ಓಡಾಡಿ, ಆಗದಿದ್ದರೆ ಕೂತಲ್ಲೇ ಹಿಮ್ಮಡಿ ಎತ್ತಿ ಇಳಿಸಿ. ನಮ್ಮ ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿಯೇ 1,930 ಮೀಟರು. ಎತ್ತರದ ಕಾಯಿಲೆ ಸಾಮಾನ್ಯವಾಗಿ 2,500ರ ಮೇಲೆ ಶುರುವಾಗುವುದರಿಂದ ನಮ್ಮ ಮೈಗೆ ಅದರ ಅನುಭವವೇ ಇಲ್ಲ. ಸುಮಾರು 3,500 ಮೀಟರು ಎತ್ತರದ ಲೇಹ್‌ಗೆ ವಿಮಾನದಲ್ಲಿ ಇಳಿದವರು ಮೊದಲ ಎರಡು ದಿನ ಸುಮ್ಮನೆ ವಿಶ್ರಾಂತಿ ತೆಗೆದುಕೊಳ್ಳಿ, ಮದ್ಯ ಮುಟ್ಟಬೇಡಿ. ವಿದೇಶಕ್ಕೆ ಹೋಗುವವರು ಚಟ್ನಿಪುಡಿ ಒಯ್ಯಿರಿ, ಆದರೆ ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಲ್ಲಿ ಇಳಿದಾಗ ತಂದ ತಿನಿಸನ್ನೆಲ್ಲ ಬರೆದು ತೋರಿಸಲೇಬೇಕು, ಮುಚ್ಚಿಟ್ಟರೆ ದಂಡ.

ಅಪ್ಪ ಅಮ್ಮನನ್ನು ಯಾತ್ರೆಗೆ ಕರೆದೊಯ್ಯುವ ಮಕ್ಕಳಿಗೆ ಇನ್ನೂ ಹೆಚ್ಚಿನ ಹೊಣೆ. ಕೇದಾರನಾಥ 3,583 ಮೀಟರು ಎತ್ತರದಲ್ಲಿದೆ. ಬಿ.ಪಿ., ಸಕ್ಕರೆ ಕಾಯಿಲೆ, ಹೃದ್ರೋಗ ಇರುವವರನ್ನು ವೈದ್ಯರಿಗೆ ತೋರಿಸದೆ ಅಲ್ಲಿಗೆ ಹತ್ತಿಸಬೇಡಿ. ಅವರ ಮಾತ್ರೆಗಳನ್ನು ಬೇಕಾದ್ದಕ್ಕಿಂತ ನಾಲ್ಕೈದು ದಿನಕ್ಕೆ ಹೆಚ್ಚೇ ಇಟ್ಟುಕೊಂಡು, ಕೈಚೀಲದಲ್ಲೇ ಇಡಿ, ಲಗೇಜಿನಲ್ಲಲ್ಲ. ಸಕ್ಕರೆ ಕಾಯಿಲೆಯವರು ಮಾತ್ರೆ ನುಂಗಿ ಊಟ ತಡಮಾಡಿದರೆ ರಕ್ತದ ಸಕ್ಕರೆ ಇಳಿದು ಬೆವರಿ ತಲೆತಿರುಗಿ ಬೀಳುತ್ತಾರೆ. ದರ್ಶನದ ಸರದಿಯಲ್ಲಿ ಹೀಗಾಗುವುದು ಅಪರೂಪವಲ್ಲ. ಅವರ ಜೇಬಿನಲ್ಲಿ ಸಕ್ಕರೆಯೋ ಬೆಲ್ಲವೋ ಇರಲಿ. ‘ದೇವರ ದರ್ಶನ ಆಗುವತನಕ ಏನೂ ಮುಟ್ಟೋದಿಲ್ಲ’ ಎಂದು ಹಟ ಹಿಡಿದರೆ ಪ್ರೀತಿಯಿಂದ ಒಪ್ಪಿಸಿ. ಧರ್ಮಸ್ಥಳ, ಹೊರನಾಡು, ಶೃಂಗೇರಿಯಂಥ ಕ್ಷೇತ್ರಗಳ ಅನ್ನಪ್ರಸಾದವನ್ನು ತಪ್ಪಿಸಬೇಡಿ. ಆಗಷ್ಟೇ ಬೆಂದ ಅನ್ನ, ಸಾರು, ಮಜ್ಜಿಗೆ, ಪಂಕ್ತಿಯ ಮೇಲೆ ಪಂಕ್ತಿ. ಯಾತ್ರಿಕರ ಹೊಟ್ಟೆಗೆ ಒಗ್ಗುವ ಊಟ ಅದು, ದೇವಸ್ಥಾನದ ಹೊರಗಿನ ಬಜ್ಜಿ ಅಂಗಡಿಯದ್ದಲ್ಲ.

ಮನೆಯಿಂದ ಹೊರಡುವಾಗ ಅಮ್ಮ ‘ಎರಡು ಚಪಾತಿ ಕಟ್ಟಿಕೊಡಲಾ’ ಎಂದು ಕೇಳಿದರೆ ಈ ಸಲ ಬೇಡವೆನ್ನಬೇಡಿ. ಕಟ್ಟಿಕೊಡುವವರು ಇಲ್ಲದವರು ಇವತ್ತೇ ಅರ್ಧ ಕಿಲೋ ಹುರಿಗಡಲೆ, ಶೇಂಗಾ ತಂದಿಡಿ. ಔಷಧದ ಅಂಗಡಿಯಿಂದ ಎರಡು ಓಆರ್‌ಎಸ್ ಪೊಟ್ಟಣ ತಂದು ಪ್ರಯಾಣದ ಚೀಲದ ಬದಿಯ ಜೇಬಿಗೆ ಹಾಕಿ, ಅವಧಿ ಮುಗಿಯುವ ತಾರೀಖು ನೋಡಿಕೊಂಡು ಅಲ್ಲೇ ಬಿಡಿ. ನಿಮಗೆ ಬೇಕಾಗದಿದ್ದರೂ ಪಕ್ಕದ ಸೀಟಿನವರಿಗೆ ಬೇಕಾದೀತು.